ಎದೆ ಢವಢವ ಅನ್ನುವಾಗ ಏನು ಮಾಡುವುದು? ಆತಂಕ ನಿಭಾಯಿಸಲು ದಿನನಿತ್ಯದ ದಾರಿಗಳು

ರಾತ್ರಿ 9:40ಕ್ಕೆ ಬಾಸ್ ಕಡೆಯಿಂದ ಒಂದು ಮೆಸೇಜ್ ಬಂತು. 'ನಾಳೆ ಬಂದ ತಕ್ಷಣ ಸಿಗಿ. ಸ್ವಲ್ಪ ಮಾತಾಡಬೇಕು.' ಅಷ್ಟೇ, ಮುಂದೆ ಏನೂ ಇಲ್ಲ.

ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಮೆಸೇಜನ್ನು ಮತ್ತೆ ಓದಿದೆ. ಆ ಪೂರ್ಣವಿರಾಮದಲ್ಲಿ ಸಿಟ್ಟು ಇದೆಯಾ ಅಂತ ಹುಡುಕಿದೆ. ಜೊತೆಗೆ ಕೆಲಸ ಮಾಡುವ ಇಬ್ಬರಿಗೆ ಫೋನ್ ಮಾಡಿ 'ನಿಂಗೇನಾದ್ರೂ ಗೊತ್ತಾ?' ಅಂತ ಕೇಳಿದೆ. ಹಿಂದಿನ ತಿಂಗಳು ಕಳಿಸಿದ ಇಮೇಲ್‌ಗಳನ್ನೆಲ್ಲ ತೆಗೆದು ಎಲ್ಲಿ ಎಡವಟ್ಟಾಗಿದೆ ಅಂತ ನೋಡಿದೆ. ರಾತ್ರಿ ಎರಡರ ಹೊತ್ತಿಗೆ ನನ್ನ ತಲೆಯೊಳಗೆ ಕೆಲಸ ಹೋಗಿತ್ತು, ಬಾಡಿಗೆ ಬಾಕಿ ಬಿದ್ದಿತ್ತು, ಸಾಮಾನು ಕಟ್ಟುತ್ತಾ ಇದ್ದೆ. ಬೆಳಿಗ್ಗೆ ಹೋದರೆ ಅವರು ಕೇಳಿದ್ದು ಇಷ್ಟು: 'ಮುಂದಿನ ವಾರದ ನಿಮ್ಮ ರಜೆ ಎರಡು ದಿನ ಮುಂದಕ್ಕೆ ಹಾಕ್ಕೋಬಹುದಾ?'

ಇದನ್ನು ಹೇಳಿದಾಗ ಎಲ್ಲರೂ 'ನೋಡಿದ್ಯಾ, ಸುಮ್ನೆ ಟೆನ್ಷನ್ ಮಾಡ್ಕೊಂಡೆ' ಅಂದರು. ಆದರೆ ಅಂಥ ಮೆಸೇಜ್ ಬಂದರೆ ಯಾರಿಗಾದರೂ ಒಂದು ಕ್ಷಣ ದಿಗಿಲಾಗುತ್ತದೆ. ನನ್ನನ್ನು ಹಣ್ಣು ಮಾಡಿದ್ದು ಆಮೇಲಿನ ನಾಲ್ಕು ಗಂಟೆ. ಓದಿದ್ದು, ಕೇಳಿದ್ದು, ಹುಡುಕಿದ್ದು ಎಲ್ಲವೂ ಎರಡು ನಿಮಿಷ ಹಾಯೆನಿಸಿ, ಮೂರನೇ ನಿಮಿಷಕ್ಕೆ ದಿಗಿಲನ್ನು ಇನ್ನಷ್ಟು ಕೊಬ್ಬಿಸುತ್ತಿದ್ದವು. ಹಾಗಾಗಿ ಆತಂಕಕ್ಕೆ ಯಾರು ಯಾವ ಉಪಾಯ ಹೇಳಿದರೂ ನಾನೀಗ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದು ಬರೀ ಈ ಗಳಿಗೆಗೆ ಹಾಯೆನಿಸುತ್ತದಾ, ಅಥವಾ ನಾಳೆ ಇದೇ ಪರಿಸ್ಥಿತಿ ಬಂದಾಗ ನನ್ನನ್ನು ಸ್ವಲ್ಪ ಗಟ್ಟಿ ಮಾಡುತ್ತದಾ?

ನಾನು ಡಾಕ್ಟರ್ ಅಲ್ಲ. ಬಹಳ ವರ್ಷ ಆತಂಕದ ಜೊತೆ ಬದುಕಿ, ಚಿಕಿತ್ಸೆಯನ್ನೂ ಪಡೆದು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಹಂತ: ಮೈಯಲ್ಲಿ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ

ಮಿದುಳಿನ ಒಳಗೆ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ, ಬಾದಾಮಿಯ ಆಕಾರದ್ದು. ಅಪಾಯದ ಸುಳಿವು ಸಿಕ್ಕರೆ ಸಾಕು, ನಾವು ಯೋಚನೆ ಮಾಡಿ ಮುಗಿಸುವ ಮೊದಲೇ ಅದು ಎಚ್ಚರಿಕೆಯ ಗಂಟೆ ಬಾರಿಸಿಬಿಡುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 20ನೇ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದರು. ಹೊಡೆದಾಡಲಿಕ್ಕೋ ಓಡಿಹೋಗಲಿಕ್ಕೋ ಮೈ ಸಜ್ಜಾಗುವ ರೀತಿ ಇದು.

ಓಡಬೇಕಾದರೆ ಕಾಲಿಗೆ ರಕ್ತ ಬೇಕು, ಅದಕ್ಕೇ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಮೈ ಬಿಸಿಯಾಗಬಾರದು, ಅದಕ್ಕೆ ಬೆವರು. ಓಡುವ ಹೊತ್ತಲ್ಲಿ ಊಟ ಅರಗಿಸುವ ಕೆಲಸಕ್ಕೆ ಬಿಡುವಿಲ್ಲ, ಅದಕ್ಕೆ ಹೊಟ್ಟೆ ತೊಳಸುತ್ತದೆ, ಬಾಯಿ ಒಣಗುತ್ತದೆ. ಉಸಿರು ಚುರುಕಾಗುತ್ತದೆ. ಆದರೆ ನಾವು ಓಡುವುದಿಲ್ಲ, ಕುರ್ಚಿಯಲ್ಲೇ ಕೂತಿರುತ್ತೇವೆ. ಕೂತಲ್ಲೇ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅನ್ನುತ್ತದೆ, ತಲೆ ಹಗುರವಾಗಿ ಸುತ್ತಿದ ಹಾಗಾಗುತ್ತದೆ. ತುಂಬಾ ಜನ ಹೆದರುವುದು ಇಲ್ಲೇ. 'ನಂಗೆ ಲಕ್ವಾ ಹೊಡೀತಾ ಇದೆ' ಅಂದುಕೊಳ್ಳುತ್ತಾರೆ. ಆ ಹೆದರಿಕೆಗೆ ಉಸಿರು ಇನ್ನೂ ಚುರುಕಾಗುತ್ತದೆ. ಹೀಗೆ ಸುತ್ತು ಬೀಳುತ್ತದೆ.

ಹಗ್ಗ ನೋಡಿ ಹಾವು ಅಂತ ಬೆಚ್ಚಿದಾಗ ಹಾವು ಸುಳ್ಳು, ಎದೆಬಡಿತ ಮಾತ್ರ ನಿಜ. ಆದ್ದರಿಂದ 'ಎಲ್ಲಾ ನಿನ್ನ ತಲೇಲಿ ಇರೋದು' ಅನ್ನುವವರ ಮಾತಿಗೆ ಕಿವಿಗೊಡಬೇಡಿ. 'ಚಿತೆ ಹೆಣ ಸುಡುತ್ತೆ, ಚಿಂತೆ ಬದುಕಿದವರನ್ನೇ ಸುಡುತ್ತೆ' ಅನ್ನುವ ಮಾತೂ ನನಗೆ ಅಷ್ಟಕ್ಕಷ್ಟೇ. ಮೊದಲೇ ಚಿಂತೆಯಲ್ಲಿರುವವರಿಗೆ ಚಿಂತೆಯ ಬಗ್ಗೆಯೂ ಒಂದು ಚಿಂತೆ ಹಚ್ಚಿದ ಹಾಗೆ ಅದು.

ನೆನಪಿಟ್ಟುಕೊಳ್ಳಬೇಕಾದದ್ದು ಏನೆಂದರೆ, ಈ ಅಲೆ ತಾನಾಗಿಯೇ ಇಳಿಯುತ್ತದೆ. ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರಲ್ಲ, ಆ ಜೋರು ಗಾಬರಿ ಕೂಡ ಸಾಮಾನ್ಯವಾಗಿ 10 ನಿಮಿಷದ ಒಳಗೇ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಆದರೆ ಒಂದು ಎಚ್ಚರ. ಎದೆನೋವು ಮೊದಲ ಸಲ ಬಂದಿದ್ದರೆ, ತೋಳಿಗೋ ದವಡೆಗೋ ಹಬ್ಬಿದರೆ, ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಬಂದರೆ, ಪ್ರಜ್ಞೆ ತಪ್ಪಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ 'ಆತಂಕ ಇರಬೇಕು' ಅಂತ ಮನೆಯಲ್ಲಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡನೇ ಹಂತ: ಆ ಗಳಿಗೆ ದಾಟುವುದು

ಗಾಬರಿಯಾದವರಿಗೆ ಎಲ್ಲರೂ ಕೊಡುವ ಸಲಹೆ 'ಜೋರಾಗಿ ಉಸಿರು ಎಳ್ಕೋ'. ಇದು ತಿರುವುಮುರುವು ಸಲಹೆ. ಉಸಿರು ಈಗಾಗಲೇ ಜಾಸ್ತಿಯಾಗಿದೆ. ಬೇಕಾಗಿರುವುದು ಬಿಡುವುದು.

ಬೇಕಾದರೆ ಈಗಲೇ ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಎಳೆದುಕೊಳ್ಳುವಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಕೆಲವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಕೆಲಸ ಇದು. ಹಾಗಾಗಿ ಬಿಡುವ ಉಸಿರನ್ನು ಉದ್ದ ಮಾಡಿದರೆ ಹೃದಯಕ್ಕೆ ನಾವೇ ಬ್ರೇಕ್ ಒತ್ತಿದ ಹಾಗೆ.

1. ಕೂತಿದ್ದರೆ ಎರಡೂ ಪಾದ ನೆಲಕ್ಕೆ ಊರಿ. ನಿಂತಿದ್ದರೆ ಗೋಡೆಗೆ ಒರಗಿ. ಒಂದು ಕೈ ಹೊಕ್ಕುಳ ಮೇಲಿರಲಿ.
2. ಮೊದಲು ಉಸಿರು ಬಿಡಿ. ಬಿಸಿ ಕಾಫಿ ಆರಿಸುವಾಗ ಊದುತ್ತೇವಲ್ಲ, ಹಾಗೆ ತುಟಿ ಸಣ್ಣದು ಮಾಡಿ.
3. ಮೂಗಿನಿಂದ ಮೆಲ್ಲಗೆ, 4 ಎಣಿಸುವಷ್ಟು ಹೊತ್ತು ಎಳೆದುಕೊಳ್ಳಿ. ಭುಜ ಏಳಬಾರದು, ಹೊಟ್ಟೆ ಮೇಲಿನ ಕೈ ಏಳಬೇಕು.
4. 6 ಎಣಿಸುತ್ತಾ ಬಿಡಿ. ನಡುವೆ ಉಸಿರು ಹಿಡಿದಿಡುವುದು ಬೇಡ.
5. ಇದನ್ನು 5 ನಿಮಿಷ ಮಾಡಿ. ನಿಮಿಷಕ್ಕೆ 6 ಉಸಿರಾಯಿತು. ದೊಡ್ಡವರು ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ.

4 ಮತ್ತು 6 ಕಷ್ಟವಾದರೆ 3 ಮತ್ತು 5 ಮಾಡಿ. ಲೆಕ್ಕಕ್ಕಿಂತ ಬಿಡುವ ಉಸಿರು ಉದ್ದವಿರುವುದು ಮುಖ್ಯ. ಇದನ್ನು ನೆಮ್ಮದಿಯಾಗಿರುವಾಗಲೇ, ದಿನಕ್ಕೆರಡು ಸಲ ರೂಢಿ ಮಾಡಿಕೊಳ್ಳಿ. ಗಾಬರಿಯ ಮಧ್ಯೆ ಮೊದಲ ಸಲ ಮಾಡಲು ಹೋದರೆ ಬಾಯಾರಿದಾಗ ಬಾವಿ ತೋಡಿದ ಹಾಗಾಗುತ್ತದೆ. ಇನ್ನು ಸಿನಿಮಾಗಳಲ್ಲಿ ತೋರಿಸುವ ಕಾಗದದ ಚೀಲದೊಳಗೆ ಉಸಿರಾಡುವ ವಿದ್ಯೆ ಬೇಡ. ತೊಂದರೆ ನಿಜಕ್ಕೂ ಅಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯ.

ಉಸಿರಿನ ಕಡೆ ಗಮನ ಕೊಟ್ಟರೇ ಗಾಬರಿ ಹೆಚ್ಚಾಗುವವರೂ ಇದ್ದಾರೆ. ನೀವು ಅಂಥವರಾದರೆ ಗಮನವನ್ನು ಹೊರಗೆ ಕಳಿಸಿ. ಕಾಣುವ 5 ವಸ್ತು, ಮುಟ್ಟಲು ಸಿಗುವ 4, ಕೇಳಿಸುವ 3 ಸದ್ದು, 2 ವಾಸನೆ, ಬಾಯಲ್ಲಿನ 1 ರುಚಿ. ಇವನ್ನು ಮನಸ್ಸಲ್ಲೇ ಹೆಸರಿಸುತ್ತಾ ಹೋಗಿ. ಆದರೆ 'ಮೇಜು, ಫ್ಯಾನು, ಕಿಟಕಿ' ಅಂತ ಹಾಜರಿ ಕರೆದ ಹಾಗೆ ಓಡಿಸಿದರೆ ಪ್ರಯೋಜನವಿಲ್ಲ. ಮೇಜಿನ ಅಂಚಲ್ಲಿ ಬಣ್ಣ ಎಲ್ಲಿ ಹೋಗಿದೆ, ಆ ಗೀರು ಹೇಗೆ ಬಿದ್ದಿರಬಹುದು ಅಂತ ನೋಡಿ. ಒಮ್ಮೆ ಡಾಕ್ಟರ್ ಕೋಣೆಯ ಹೊರಗೆ ಕಾಯುತ್ತಿದ್ದಾಗ ನಾನು ಎದುರಿನ ಗೋಡೆ ಗಡಿಯಾರವನ್ನೇ ನೋಡಿದ್ದೆ. ಸೆಕೆಂಡಿನ ಮುಳ್ಳು 9ರ ಹತ್ತಿರ ಬಂದಾಗ ಪ್ರತಿ ಸಲ ಒಂದು ಚೂರು ನಡುಗಿ ಮುಂದೆ ಹೋಗುತ್ತಿತ್ತು. ಯಾಕೆ 9ರಲ್ಲೇ ಅಂತ ಯೋಚಿಸುತ್ತಿರುವಾಗಲೇ ನನ್ನ ಹೆಸರು ಕರೆದರು.

ಮೈ ಬಿಗಿದುಕೊಳ್ಳುವವರಿಗೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ರೂಪಿಸಿದ ಸ್ನಾಯು ಸಡಿಲಿಸುವ ಕ್ರಮವಿದೆ. ಮುಷ್ಟಿ ಬಿಗಿಹಿಡಿದು 5 ಸೆಕೆಂಡ್ ಇಟ್ಟು, ಒಮ್ಮೆಗೇ ಬಿಡಿ. 10, 15 ಸೆಕೆಂಡ್ ಆ ಸಡಿಲ ಹೇಗಿದೆ ಅಂತ ಗಮನಿಸಿ. ಆಮೇಲೆ ತೋಳು, ಭುಜ, ಹಣೆ, ದವಡೆ, ಹೊಟ್ಟೆ, ತೊಡೆ, ಪಾದ. ಮಲಗುವ ಮುಂಚೆ ಮಾಡಲು ಇದು ತುಂಬಾ ಚೆನ್ನ. ತಣ್ಣೀರಲ್ಲಿ ಮುಖ ತೊಳೆದರೂ ಎದೆಬಡಿತ ಇಳಿಯುತ್ತದೆ. ಹೃದಯದ ತೊಂದರೆ ಇರುವವರು ಐಸ್ ನೀರಿನ ಸಾಹಸಕ್ಕೆ ಮಾತ್ರ ಹೋಗಬೇಡಿ.

ಇವೆಲ್ಲ ಆ ಗಳಿಗೆ ದಾಟಲಿಕ್ಕೆ ಅಷ್ಟೇ. 'ಉಸಿರಾಟ ಮಾಡಿದೆ, ಆದರೂ ಆತಂಕ ಹೋಗಲಿಲ್ಲ' ಅಂತ ಬೇಸರ ಪಡುವವರು ಬಹಳ. ಹೋಗಬೇಕು ಅಂತೇನಿಲ್ಲ. ಆತಂಕವನ್ನು 0ಯಿಂದ 100ರಲ್ಲಿ ಅಳೆದರೆ 80ರಲ್ಲಿದ್ದದ್ದು 60ಕ್ಕೆ ಬಂದು, ಕೈಯಲ್ಲಿದ್ದ ಕೆಲಸಕ್ಕೆ ವಾಪಸ್ ಹೋಗಲು ಸಾಧ್ಯವಾದರೆ ಅದರ ಕೆಲಸ ಮುಗಿಯಿತು.

ಮೂರನೇ ಹಂತ: ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸುವುದು

ಔಷಧಿ ಕುಡಿಯುವಾಗ ಕೋತಿಯನ್ನು ನೆನೆಸಿಕೊಳ್ಳಬೇಡ ಅಂದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅಲ್ಲಿ ಕೋತಿಯ ಬದಲು ಬಿಳಿ ಕರಡಿ. ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಅಷ್ಟೇ ಅಲ್ಲ, ಮೊದಲು ಅದುಮಿಟ್ಟವರಿಗೆ ಆಮೇಲೆ ಕರಡಿಯ ಯೋಚನೆ ಇನ್ನೂ ಜಾಸ್ತಿ ಬಂತು. 'ಅದರ ಬಗ್ಗೆ ಯೋಚನೆ ಮಾಡ್ಬೇಡ' ಅನ್ನುವ ಬುದ್ಧಿವಾದ ಕೆಲಸ ಮಾಡದಿರುವುದು ಇದಕ್ಕೇ.

ಯೋಚನೆ ನಿಲ್ಲಿಸಲು ಆಗದು, ಮುಂದೂಡಲು ಆಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಈ ಉಪಾಯ ಪ್ರಕಟಿಸಿದರು. ದಿನಾ ಒಂದೇ ಹೊತ್ತು, ಒಂದೇ ಜಾಗದಲ್ಲಿ ಅರ್ಧ ಗಂಟೆ ಚಿಂತೆಗೆ ಅಂತಲೇ ಇಡುವುದು. ಕೇಳಿದರೆ ನಗು ಬರುತ್ತದೆ. ನನಗೂ ಬಂದಿತ್ತು.

ಮಾಡುವ ಕ್ರಮ ಹೀಗೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಫೋನಲ್ಲಿ ಬರೆಯಬಹುದು, ಆದರೆ ಫೋನ್ ತೆಗೆದರೆ ಇನ್ನೇನೋ ಕಾಣುತ್ತದೆ. ಹಗಲು ಯಾವ ಚಿಂತೆ ಬಂದರೂ ಎರಡು ಪದ ಬರೆದು, 'ಸಂಜೆ ನೋಡೋಣ' ಅಂದುಕೊಂಡು ಕೆಲಸಕ್ಕೆ ಮರಳಿ. ಅದು ಮತ್ತೆ ಬರುತ್ತದೆ. ಮತ್ತೆ 'ಸಂಜೆ' ಅನ್ನಿ. ಮೊದಲ ವಾರ ಇಪ್ಪತ್ತು ಸಲ ಅನ್ನಬೇಕಾಗಬಹುದು. ಸಂಜೆ ಆರಕ್ಕೋ ಏಳಕ್ಕೋ ನೋಟ್‌ಬುಕ್ ಹಿಡಿದು ಕೂರಿ. ಹಾಸಿಗೆ ಮೇಲೆ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ. ಅರ್ಧ ಪಟ್ಟಿ ಅಷ್ಟು ಹೊತ್ತಿಗೆ ಸತ್ತಿರುತ್ತದೆ, ಅದನ್ನು ಹೊಡೆದು ಹಾಕಿ. ಉಳಿದವನ್ನು ಎರಡು ರಾಶಿ ಮಾಡಿ.

ಒಂದು, ಏನಾದರೂ ಮಾಡಬಹುದಾದ ವಿಷಯ. ಕಟ್ಟಬೇಕಾದ ಬಿಲ್, ಕೇಳಬೇಕಾದ ಕ್ಷಮೆ, ಮಾಡಿಸಬೇಕಾದ ರಕ್ತಪರೀಕ್ಷೆ. ಇದರ ಮುಂದೆ ಅತಿ ಚಿಕ್ಕ ಮೊದಲ ಕೆಲಸ ಮತ್ತು ದಿನ ಬರೆಯಿರಿ. ಇನ್ನೊಂದು, 'ಹಾಗಾಗಿಬಿಟ್ರೆ?' ಅನ್ನುವ ರಾಶಿ. ಇದಕ್ಕೆ ನಾಲ್ಕು ಸಾಲು ಬೇಕು. ಆ ಮೆಸೇಜಿನ ಪುಟವನ್ನು ನಾನು ಆಮೇಲೆ ಹೀಗೆ ಬರೆದಿದ್ದೆ:

ನಡೆದದ್ದು: ನಾಳೆ ಮಾತಾಡಬೇಕು ಅಂತ ಮೆಸೇಜ್ ಬಂತು.
ತಲೆ ಹೇಳಿದ್ದು: ಕೆಲಸದಿಂದ ತೆಗೀತಾರೆ. ಎಷ್ಟು ನಂಬಿಕೆ? 100ಕ್ಕೆ 85.
ಬೇರೆ ಏನಿರಬಹುದು: ಹೊಸ ಕೆಲಸ, ರಜೆ, ಯಾರದ್ದೋ ದೂರು, ಏನೋ ಮಾಹಿತಿ. ಅವರ ಮೆಸೇಜ್ ಯಾವಾಗಲೂ ಇಷ್ಟೇ ಚಿಕ್ಕದು.
ಕೊನೆಗೆ ಆದದ್ದು: ರಜೆ ಮುಂದಕ್ಕೆ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಕಟ್ಟಿದ ಕಾಗ್ನಿಟಿವ್ ಥೆರಪಿ ಎಂಬ ಮಾತಿನ ಚಿಕಿತ್ಸೆಯ ತಿರುಳು ಈ ಎರಡನೇ, ಮೂರನೇ ಸಾಲಲ್ಲಿದೆ. ತಲೆ ಹೇಳುವುದು ಒಂದು ಊಹೆ, ಅದನ್ನು ಪರೀಕ್ಷೆ ಮಾಡಬಹುದು. ಇಲ್ಲಿ ಜನ ಮಾಡುವ ತಪ್ಪು ಅಂದರೆ ಮೂರನೇ ಸಾಲಲ್ಲಿ 'ಎಲ್ಲಾ ಒಳ್ಳೇದೇ ಆಗುತ್ತೆ' ಅಂತ ಬರೆಯುವುದು. ಅದನ್ನು ನಿಮ್ಮ ತಲೆ ಒಂದು ಸೆಕೆಂಡೂ ನಂಬುವುದಿಲ್ಲ. ದೂರು ಇರಬಹುದು ಅಂತಲೂ ಬರೆಯಿರಿ. ನಿಜವಾಗಿದ್ದರೆ ಮೊದಲು ಏನು ಮಾಡುತ್ತೀರಿ ಅಂತಲೂ ಬರೆಯಿರಿ.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ನಾಲ್ಕನೇ ಸಾಲು, ಅದೂ ತಿಂಗಳುಗಳಾದ ಮೇಲೆ. ಹಳೆಯ ಪುಟ ತಿರುವಿದರೆ ಬಹಳ ಕಡೆ 'ಏನೂ ಆಗಲಿಲ್ಲ' ಅಂತಿದೆ. ಕೆಲವು ನಿಜಕ್ಕೂ ಆದವು. ಆದಾಗ ಏನು ಮಾಡಿದೆ ಅನ್ನುವುದೂ ಅಲ್ಲೇ ನನ್ನದೇ ಅಕ್ಷರದಲ್ಲಿದೆ.

ನಾಲ್ಕನೇ ಹಂತ: ತಪ್ಪಿಸಿಕೊಳ್ಳುವುದನ್ನು ಒಂದೊಂದೇ ಮೆಟ್ಟಿಲಾಗಿ ಬಿಡುವುದು

ಇದು ಎಲ್ಲಕ್ಕಿಂತ ಕಷ್ಟದ್ದು. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇದೇ. ಅವಸರ ಇದ್ದರೆ ಬೇರೆ ಭಾಗ ಬಿಟ್ಟು ಇದನ್ನಾದರೂ ಓದಿ.

ನನ್ನ ಗೆಳತಿಯೊಬ್ಬಳಿಗೆ ಫೋನಲ್ಲಿ ಮಾತಾಡಲು ಭಯ. ಪರಿಚಯದವರ ಜೊತೆ ಪರವಾಗಿಲ್ಲ, ಬ್ಯಾಂಕಿಗೋ ಆಸ್ಪತ್ರೆಗೋ ಕರೆ ಮಾಡಬೇಕೆಂದರೆ ಕೈ ಬೆವರುತ್ತಿತ್ತು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು, 'ನಮಸ್ಕಾರ' ಅನ್ನುವುದರಿಂದ ಹಿಡಿದು. ಆ ಕಡೆ ಎತ್ತದಿದ್ದರೆ ಎಷ್ಟು ಖುಷಿ! ಕ್ರಮೇಣ ಗಂಡನ ಕೈಲಿ ಮಾಡಿಸತೊಡಗಿದಳು. ಆಮೇಲೆ ಬರುವ ಕರೆಗಳನ್ನೂ ಎತ್ತುವುದು ಬಿಟ್ಟಳು. ಒಂದು ಕೆಲಸಕ್ಕೆ ಅರ್ಜಿ ಹಾಕಿದವಳು, ಸಂದರ್ಶನಕ್ಕೆ ಕರೆದ ಫೋನನ್ನೂ ಎತ್ತಲಿಲ್ಲ.

ತಪ್ಪಿಸಿಕೊಂಡ ಪ್ರತಿ ಸಲವೂ ಮನಸ್ಸು ಹಗುರವಾಗುತ್ತದೆ. ಆ ಹಗುರವೇ ಬಲೆ. 'ಓಡಿದ್ದಕ್ಕೆ ಬಚಾವಾದೆ' ಅಂತ ಮಿದುಳು ಪಾಠ ಕಲಿಯುತ್ತದೆ. ಓಡದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮನೋವೈದ್ಯ ಜೋಸೆಫ್ ವೋಲ್ಪ್ 1950ರ ದಶಕದಲ್ಲಿ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಕ್ರಮ ರೂಪಿಸಿದರು. ಎಷ್ಟು ಭಯ ಅಂತ 0ಯಿಂದ 100ರ ಅಳತೆಯಲ್ಲಿ ಹೇಳುವ ರೂಢಿಯೂ ಅವರಿಂದಲೇ ಬಂದದ್ದು. ಗೆಳತಿಯ ಏಣಿ ಹೀಗಿತ್ತು. ದಾಖಲೆ ಮಾಡಿಟ್ಟ ಧ್ವನಿ ಮಾತಾಡುವ ನಂಬರಿಗೆ ಕರೆ ಮಾಡಿ ಕೇಳಿಸಿಕೊಳ್ಳುವುದು, 20. ಅಂಗಡಿಗೆ ಕರೆ ಮಾಡಿ ಎಷ್ಟು ಗಂಟೆಗೆ ಮುಚ್ಚುತ್ತೀರಿ ಅಂತ ಕೇಳುವುದು, 35. ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಳ್ಳುವುದು, 50. ಚೀಟಿ ಇಲ್ಲದೆ ಬ್ಯಾಂಕಿಗೆ ಕರೆ ಮಾಡುವುದು, 65. ಆಫೀಸಲ್ಲಿ ಪಕ್ಕದವರು ಕೇಳಿಸಿಕೊಳ್ಳುತ್ತಿರುವಾಗ ಮಾತಾಡುವುದು, 80.

ನಿಮ್ಮ ಏಣಿ ಬೇರೆ ಇರುತ್ತದೆ. ಲಿಫ್ಟು, ಜನಜಂಗುಳಿ, ಮೀಟಿಂಗಲ್ಲಿ ಬಾಯಿ ಬಿಡುವುದು, ಏನೇ ಇರಲಿ, 30ರ ಆಸುಪಾಸಿನ ಮೆಟ್ಟಿಲಿಂದ ಶುರು ಮಾಡಿ. ಮಾಡುವ ಮೊದಲು 'ಏನಾಗುತ್ತೆ ಅಂತ ನನಗೆ ಭಯ?' ಅನ್ನುವುದನ್ನು ಒಂದು ಸಾಲಲ್ಲಿ ಬರೆಯಿರಿ. ಗೆಳತಿ ಬರೆದದ್ದು: 'ನಾನು ತಡವರಿಸ್ತೀನಿ, ಅವರು ಸಿಡುಕ್ತಾರೆ.' ಅಂಗಡಿಗೆ ಮಾಡಿದಳು. ನಿಜಕ್ಕೂ ತಡವರಿಸಿದಳು. ಆ ಕಡೆಯವರು 'ಒಂಬತ್ತಕ್ಕೆ' ಅಂದು ಇಟ್ಟುಬಿಟ್ಟರು. ಸಿಡುಕಲು ಅವರಿಗೆ ಪುರಸೊತ್ತೇ ಇರಲಿಲ್ಲ.

ಮಧ್ಯದಲ್ಲಿ ಓಡಬೇಡಿ. ಓಡಿದರೆ ಆ ಮೆಟ್ಟಿಲು ಇನ್ನಷ್ಟು ಎತ್ತರವಾಗುತ್ತದೆ. ಒಂದು ಸಲ ಮಾಡಿ 'ಆಯ್ತು' ಅನ್ನಬೇಡಿ, ಅದು ಬೋರ್ ಹೊಡೆಯುವವರೆಗೆ ಮಾಡಿ. ಬೋರ್ ಆದರೆ ಮುಂದಿನ ಮೆಟ್ಟಿಲಿಗೆ ಹೊತ್ತಾಯಿತು ಅಂತ ಲೆಕ್ಕ. ಇನ್ನು ಊರುಗೋಲುಗಳ ಬಗ್ಗೆ ಹುಷಾರು. ಚೀಟಿ, ಕಿವಿಯಲ್ಲಿ ಇಯರ್‌ಫೋನ್, ಬಾಗಿಲ ಹತ್ತಿರದ ಕುರ್ಚಿ, ಯಾವಾಗಲೂ ಜೊತೆಗೊಬ್ಬರು. ಶುರುವಿನಲ್ಲಿ ಇರಲಿ, ಆದರೆ ಒಂದೊಂದಾಗಿ ಬಿಡುತ್ತಾ ಬನ್ನಿ. ಇಲ್ಲವಾದರೆ 'ಊರುಗೋಲು ಇದ್ದದ್ದಕ್ಕೆ ಬಚಾವಾದೆ' ಅಂತ ಮತ್ತೆ ಅದೇ ಪಾಠ.

ದೌರ್ಜನ್ಯ, ಅಪಘಾತ ಇಂಥ ದೊಡ್ಡ ಆಘಾತದಿಂದ ಹುಟ್ಟಿದ ಭಯಕ್ಕೆ ಈ ಏಣಿಯನ್ನು ಒಬ್ಬರೇ ಹಾಕಿಕೊಳ್ಳಬೇಡಿ. ತರಬೇತಿ ಇರುವ ಚಿಕಿತ್ಸಕರ ಜೊತೆ ಮಾಡಿ.

ತಪ್ಪಿಸಿಕೊಳ್ಳುವುದರ ಅಣ್ಣತಮ್ಮಂದಿರು ಇನ್ನಿಬ್ಬರಿದ್ದಾರೆ. ಒಂದು, ಮತ್ತೆ ಮತ್ತೆ ನೋಡುವುದು. ಬೀಗ ಹಾಕಿದೆನಾ, ಗ್ಯಾಸ್ ಆಫ್ ಮಾಡಿದೆನಾ? ಬೀಗ ಹಾಕುವಾಗಲೇ ಒಂದು ಸಲ ನೆಟ್ಟಗೆ ನೋಡಿ, 'ಬೀಗ ಹಾಕಿದೆ' ಅಂತ ಬಾಯಿಬಿಟ್ಟು ಹೇಳಿ, ನಡೆಯಿರಿ. ನಾಲ್ಕು ಹೆಜ್ಜೆಗೆ ಅನುಮಾನ ಬರುತ್ತದೆ. ಅನುಮಾನವನ್ನು ಜೊತೆಗೇ ಕರಕೊಂಡು ಹೋಗಿ, ವಾಪಸ್ ಹೋಗಬೇಡಿ. ಇದೇ ಕೆಲಸದಲ್ಲಿ ದಿನಕ್ಕೆ ಒಂದು ಗಂಟೆ ಮೀರಿ ಹೋಗುತ್ತಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಡಾಕ್ಟರಿಗೆ ತೋರಿಸಿ. ಇನ್ನೊಂದು, ಇತರರನ್ನು ಕೇಳಿ ಕೇಳಿ ಸಮಾಧಾನ ಪಡೆಯುವುದು. ರೋಗಲಕ್ಷಣಗಳನ್ನು ಇಂಟರ್ನೆಟ್ಟಲ್ಲಿ ಹುಡುಕುವುದೂ ಇದೇ ಜಾತಿ. ತಲೆನೋವು ಅಂತ ಹುಡುಕಿ ಮೂರನೇ ಪುಟಕ್ಕೆ ಮಿದುಳಿನ ಗಡ್ಡೆ ತಲುಪದವರನ್ನು ನಾನಿನ್ನೂ ನೋಡಿಲ್ಲ.

ಐದನೇ ಹಂತ: ನೆಲ ಹದ ಮಾಡುವುದು

ಇಲ್ಲಿ ಹೊಸದೇನಿಲ್ಲ, ಬೇಗ ಹೇಳಿ ಮುಗಿಸುತ್ತೇನೆ.

ಕಾಫಿ, ಟೀ, ಎನರ್ಜಿ ಡ್ರಿಂಕ್. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು 5 ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಅದು ತರುವ ಎದೆಬಡಿತ, ಕೈನಡುಕವನ್ನು ತಲೆ ಆತಂಕ ಅಂತಲೇ ಓದಿಕೊಳ್ಳುತ್ತದೆ. ಎರಡು ವಾರ ಕಡಿಮೆ ಮಾಡಿ ನೋಡಿ. ಒಮ್ಮೆಗೇ ನಿಲ್ಲಿಸಿದರೆ ತಲೆನೋವು ಬರುತ್ತದೆ, ಮೆಲ್ಲಗೆ ಇಳಿಸಿ.

ಓಡಾಟ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎದೆಬಡಿತಕ್ಕೇ ಹೆದರುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಎದೆ ಜೋರಾಗಿ ಹೊಡೆದುಕೊಂಡರೂ ಏನೂ ಆಗದು ಅಂತ ಮೈ ದಿನಾ ನೋಡಿ ಕಲಿಯುತ್ತದೆ.

ನಿದ್ದೆ. ಸುಮಾರು 20 ನಿಮಿಷ ಕಳೆದರೂ ಬರದಿದ್ದರೆ ಎದ್ದುಬಿಡಿ. ಮಂದ ಬೆಳಕಲ್ಲಿ ಬೇಜಾರಿನ ಕೆಲಸ ಏನಾದರೂ ಮಾಡಿ, ತೂಕಡಿಕೆ ಬಂದ ಮೇಲೆ ಮತ್ತೆ ಮಲಗಿ. ಹೊರಳಾಡುತ್ತಾ ಇದ್ದರೆ ಹಾಸಿಗೆ ಅಂದರೆ ಚಿಂತೆಯ ಜಾಗ ಅಂತ ಮಿದುಳಿಗೆ ಅಭ್ಯಾಸವಾಗುತ್ತದೆ. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ.

ಮದ್ಯ ಆ ರಾತ್ರಿ ಸಡಿಲ ಮಾಡಿ, ಬೆಳಿಗ್ಗೆ ಬಡ್ಡಿ ಸಮೇತ ಆತಂಕ ವಾಪಸ್ ಕೊಡುತ್ತದೆ.

ಮನೆಯವರಿಗೆ ಒಂದು ಮಾತು

'ಏನೂ ಆಗಲ್ಲ ಬಿಡು' ಅನ್ನುವುದು ಪ್ರೀತಿಯಿಂದಲೇ. ಆದರೆ ಕೇಳುವವರಿಗೆ ಅದು 'ನಿನ್ನ ಕಷ್ಟ ಕಷ್ಟವೇ ಅಲ್ಲ' ಅಂತ ಕೇಳಿಸುತ್ತದೆ. 'ಈಗ ಏನು ಮಾಡಲಿ, ಸುಮ್ನೆ ಪಕ್ಕದಲ್ಲಿ ಕೂರಲಾ?' ಅಂತ ಕೇಳಿ ನೋಡಿ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಒಂದು ಸಲ ಉತ್ತರಿಸಿ. ಎರಡನೇ ಸಲಕ್ಕೆ 'ಆಗಲೇ ಹೇಳಿದೀನಿ, ಈ ತಳಮಳ ಇಳಿಯೋವರೆಗೂ ಜೊತೆಗಿರ್ತೀನಿ' ಅಂದರೆ ಸಾಕು. ಅವರ ಫೋನು, ಅವರ ಅಂಗಡಿ ಕೆಲಸ ಎಲ್ಲವನ್ನೂ ನೀವೇ ಮಾಡಿಕೊಡುತ್ತಾ ಹೋಗಬೇಡಿ. ಮೊದಲ ಮೆಟ್ಟಿಲಿಗೆ ಜೊತೆ ಹೋಗಿ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 30.1 ಕೋಟಿ ಜನ ಆತಂಕದ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ನೀವೊಬ್ಬರೇ ಅಲ್ಲ, ಡಾಕ್ಟರಿಗೂ ಇದು ಹೊಸದಲ್ಲ.

ಆತಂಕದಿಂದ ಕೆಲಸ, ನಿದ್ದೆ, ಸಂಬಂಧ ಹಾಳಾಗುತ್ತಿದ್ದರೆ, ದಿನದಿಂದ ದಿನಕ್ಕೆ ಹೋಗುವ ಜಾಗಗಳು ಕಡಿಮೆಯಾಗುತ್ತಿದ್ದರೆ ಕಾಯುವುದು ಬೇಡ. ಹತ್ತಾರು ವಿಷಯಗಳ ಚಿಂತೆ ಹೆಚ್ಚಿನ ದಿನಗಳಲ್ಲಿ ಕಾಡುತ್ತಾ 6 ತಿಂಗಳು ದಾಟಿದರೆ ವೈದ್ಯರು ಅದನ್ನು ಕಾಯಿಲೆಯಾಗಿ ನೋಡುತ್ತಾರೆ. ಆತಂಕ ಎಷ್ಟಿದೆ ಅಂತ ಅಳೆಯಲು 2006ರಲ್ಲಿ ಬಂದ ಜಿಎಡಿ-7 ಎಂಬ ಪ್ರಶ್ನಾವಳಿಯಲ್ಲಿ ಕಳೆದ 2 ವಾರದ ಬಗ್ಗೆ 7 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 21ರಲ್ಲಿ 10 ಅಥವಾ ಜಾಸ್ತಿ ಬಂದರೆ ತೋರಿಸಿಕೊಳ್ಳುವುದು ಒಳ್ಳೆಯದು. ಅದು ಅಳತೆ ಅಷ್ಟೇ, ತೀರ್ಪಲ್ಲ.

ಡಾಕ್ಟರ್ ಮೊದಲು ರಕ್ತಪರೀಕ್ಷೆ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ. ಥೈರಾಯ್ಡ್ ಜಾಸ್ತಿಯಾದರೆ, ರಕ್ತ ಕಡಿಮೆಯಿದ್ದರೆ, ಸಕ್ಕರೆ ಅಂಶ ಇಳಿದರೆ ಆತಂಕದ ಹಾಗೇ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅಸ್ತಮಾದ ಕೆಲವು ಇನ್‌ಹೇಲರ್‌ಗಳಿಂದಲೂ ಹಾಗಾಗಬಹುದು. ಚಿಕಿತ್ಸೆಯಲ್ಲಿ ಮಾತಿನ ಚಿಕಿತ್ಸೆ ಇದೆ, ಮೇಲಿನ ನೋಟ್‌ಬುಕ್, ಏಣಿ ಎಲ್ಲ ಅದರದ್ದೇ ಮನೆಪಾಠ. ಮಾತ್ರೆಯೂ ಇದೆ. ಸಾಮಾನ್ಯವಾಗಿ ಮೊದಲು ಬರೆಯುವ ಎಸ್ಎಸ್ಆರ್‌ಐ ಗುಂಪಿನ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು, ಶುರುವಿನ ದಿನಗಳಲ್ಲಿ ಚಡಪಡಿಕೆ ತುಸು ಹೆಚ್ಚಾಗಲೂಬಹುದು. ತಕ್ಷಣ ಶಾಂತ ಮಾಡುವ ಬೆಂಜೊಡಯಜಪೀನ್ ಗುಂಪಿನವು ಬಹಳ ದಿನ ತಗೊಂಡರೆ ಅಭ್ಯಾಸವಾಗಿಬಿಡುತ್ತವೆ. ಯಾವುದನ್ನೂ ಪಕ್ಕದ ಮನೆಯವರ ಚೀಟಿ ನೋಡಿ ಶುರು ಮಾಡಬೇಡಿ, ನಿಮ್ಮಷ್ಟಕ್ಕೆ ನೀವೇ ಒಮ್ಮೆಗೇ ನಿಲ್ಲಿಸಲೂಬೇಡಿ.

ಸಾಯುವ ಯೋಚನೆ ಬರುತ್ತಿದ್ದರೆ ಇದ್ಯಾವ ಹಂತವೂ ಬೇಡ. ಈಗಲೇ ಹತ್ತಿರದ ಒಬ್ಬರಿಗೆ ಹೇಳಿ, ಇವತ್ತೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆ ಮಾಡಿ. ಒಬ್ಬರೇ ಇರಬೇಡಿ.

ಡಾಕ್ಟರ್ ಹತ್ತಿರ ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ. ಮೊದಲ ಸಲ ನಾನು ಹೋದಾಗ 'ಏನು ತೊಂದರೆ?' ಅಂತ ಕೇಳಿದ್ದಕ್ಕೆ ಗಂಟಲು ಕಟ್ಟಿ ಒಂದು ಮಾತೂ ಹೊರಡಲಿಲ್ಲ. ಪುಟ ತೆರೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು.